ಹೆಲಿಕಾಪ್ಟರ್ ಕಲಿಕೆಯ ಮೊದಲ ಗಂಟೆಗಳು: ಹೋವರ್ ಕೈಗೆ ಬರೋದು ಹೇಗೆ, ಎಂಜಿನ್ ನಿಂತರೆ ಏನು ಮಾಡಬೇಕು?

ಹೊಸರೆಕ್ಕೆ ಕೇಳಿದ್ದು:

ಎರಡು ಸೀಟಿನ ರಾಬಿನ್ಸನ್ ಆರ್22 ಹೆಲಿಕಾಪ್ಟರಿನಲ್ಲಿ ತರಬೇತಿ ಶುರು ಮಾಡ್ತಿದ್ದೀನಿ. ಸೆಸ್ನಾ 172 ವಿಮಾನ ಹಾರಿಸಿ ಅಭ್ಯಾಸ ಇದೆ, ಹೆಲಿಕಾಪ್ಟರ್ ಮಾತ್ರ ಪೂರ್ತಿ ಹೊಸದು. ಎಡಗೈಲಿ ಮೇಲೆ-ಕೆಳಗೆ ಹೋಗೋಕೆ ಕಲೆಕ್ಟಿವ್, ಬಲಗೈಲಿ ಹೆಲಿಕಾಪ್ಟರನ್ನ ವಾಲಿಸೋ ಸೈಕ್ಲಿಕ್, ಕಾಲಿಗೆ ಮೂತಿ ತಿರುಗಿಸೋ ಪೆಡಲ್ ಅನ್ನೋದು ಓದಿ ಗೊತ್ತಿದೆ. ಯಾವುದನ್ನ ಎಷ್ಟು ಆಡಿಸಬೇಕು, ಯಾವಾಗ ಮುಟ್ಟಲೇಬಾರದು ಅನ್ನೋದು ಪುಸ್ತಕದಿಂದ ತಿಳೀತಿಲ್ಲ.

ನೆಲದಿಂದ ಮೂರ್ನಾಲ್ಕು ಅಡಿ ಮೇಲೆ ಇದ್ದಲ್ಲೇ ನಿಲ್ಲಿಸೋ ಹೋವರ್ ಮೊದಮೊದಲು ಎಲ್ಲರ ಕೈಯಲ್ಲೂ ತಪ್ಪುತ್ತೆ ಅಂತಾರೆ. ಯಾಕೆ ತಪ್ಪುತ್ತೆ, ಸರಿಪಡಿಸೋ ಕ್ರಮ ಏನು? ಎಂಜಿನ್ ನಿಂತರೆ ಆರ್22ರ ಹಗುರ ರೋಟರ್ ಬೇಗ ವೇಗ ಕಳ್ಕೊಳ್ಳುತ್ತೆ ಅಂತಲೂ ಓದಿದೆ. ಹಾಗಿದ್ರೆ ಆಟೋರೊಟೇಷನ್‌ಗೆ (ಎಂಜಿನ್ ಇಲ್ಲದೆ, ಗಾಳಿಯೇ ರೋಟರನ್ನ ತಿರುಗಿಸ್ತಾ ಇಳಿಯೋದು) ಹೋಗೋಕೆ ಸಮಯ ಸಿಗುತ್ತಾ? ಕೊನೆಯದಾಗಿ, ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡೋದರಿಂದ ಉಪಯೋಗ ಇದ್ಯಾ, ಇಲ್ಲಾ ಕೆಟ್ಟ ಅಭ್ಯಾಸ ಅಂಟಿಕೊಳ್ಳುತ್ತಾ?

---

ಸ್ವಾಷ್‌ಪ್ಲೇಟ್ ಉತ್ತರ:

ಹೋವರ್ ತಪ್ಪೋದಕ್ಕೆ ಮುಖ್ಯ ಕಾರಣ ತಡ. ಸೈಕ್ಲಿಕ್ ಸರಿಸಿದರೆ ಮೊದಲು ರೋಟರ್ ತಟ್ಟೆ (ತಿರುಗೋ ಬ್ಲೇಡ್‌ಗಳು ಮಾಡುವ ವೃತ್ತ) ವಾಲುತ್ತೆ, ಅದರ ಹಿಂದೆ ಒಡಲು ವಾಲುತ್ತೆ, ಅದಾದ ಮೇಲೆ ಹೆಲಿಕಾಪ್ಟರ್ ಆ ಕಡೆಗೆ ಸರಿಯೋಕೆ ಶುರು ಮಾಡುತ್ತೆ. ಕಲಿಯುವವರ ಕಣ್ಣಿಗೆ ಕಾಣೋದು ಕೊನೆಯ ಹಂತ ಮಾತ್ರ. ಬಲಕ್ಕೆ ಜಾರ್ತಿದೆ ಅಂತ ಎಡಕ್ಕೆ ಒತ್ತುತ್ತಾರೆ, ಏನೂ ಆಗಲಿಲ್ಲ ಅನ್ನಿಸಿ ಇನ್ನಷ್ಟು ಒತ್ತುತ್ತಾರೆ. ಎರಡೂ ಒತ್ತಡಗಳ ಫಲ ಒಟ್ಟಿಗೆ ಬಂದಾಗ ಎಡಕ್ಕೆ ಜೋರಾಗಿ ಹೋಗುತ್ತೆ, ಗಾಬರಿಯಲ್ಲಿ ಬಲಕ್ಕೆ ಅದಕ್ಕಿಂತ ಜೋರಾಗಿ ಎಳೀತಾರೆ. ಪ್ರತಿ ತೂಗಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತಾ ಹೋಗುತ್ತೆ.

ಪರಿಹಾರ ಏನಂದ್ರೆ, ಜಾಗ ನೋಡಿ ತಿದ್ದಬೇಡಿ, ವಾಲಿಕೆ ನೋಡಿ ತಿದ್ದಿ. ಆ ದಿನದ ಗಾಳಿ ಮತ್ತು ತೂಕಕ್ಕೆ ಹೋವರ್‌ನಲ್ಲಿ ಒಡಲು ಕೂರುವ ಭಂಗಿ ಒಂದೇ ಇರುತ್ತೆ. ತರಬೇತುದಾರರು ಸ್ಥಿರವಾಗಿ ಹಿಡಿದಾಗ ಮುಂದಿನ ಗಾಜಿನ ಚೌಕಟ್ಟು ದಿಗಂತಕ್ಕೆ ಎಲ್ಲಿ ತಾಗುತ್ತೆ ಅಂತ ಗುರುತಿಟ್ಟುಕೊಳ್ಳಿ. ನಿಮ್ಮ ಕೆಲಸ ಆ ಚಿತ್ರವನ್ನು ಉಳಿಸೋದು. ಚಿತ್ರ ಸರಿಯಿದ್ರೆ ಹೆಲಿಕಾಪ್ಟರ್ ಸರಿಯೋದೇ ಕಮ್ಮಿ. ಸರಿದರೂ ನಿಧಾನಕ್ಕೆ ಸರಿಯುತ್ತೆ, ತಿದ್ದೋಕೆ ಸಮಯ ಸಿಗುತ್ತೆ. ಇನ್ನೊಂದು ವಿಷಯ, ಆರ್22ರ ಬಾಲದ ರೋಟರ್ ಇಡೀ ಹೆಲಿಕಾಪ್ಟರನ್ನು ಬಲಕ್ಕೆ ತಳ್ಳುತ್ತೆ, ಅದನ್ನು ತಡೆಯೋಕೆ ಮುಖ್ಯ ರೋಟರ್ ತುಸು ಎಡಕ್ಕೆ ವಾಲಿರಲೇಬೇಕು. ಆದ್ದರಿಂದ ಹೋವರ್‌ನಲ್ಲಿ ಎಡ ಸ್ಕಿಡ್ (ಚಕ್ರದ ಬದಲು ಇರುವ ಕೊಳವೆ ಕಾಲು) ಸ್ವಲ್ಪ ತಗ್ಗಿ ನೇತಾಡೋದು ಸಹಜ. ಅದನ್ನು ಮಟ್ಟ ಮಾಡೋಕೆ ಹೋದ್ರೆ ಬಲಕ್ಕೆ ಜಾರೋದು ಖಚಿತ.

ಕೈಯ ಚಲನೆ ಅನ್ನೋದಕ್ಕಿಂತ ಒತ್ತಡ ಅನ್ನೋದೇ ಸರಿ. ಸಣ್ಣದಾಗಿ ಒತ್ತಿ, ವಾಲಿಕೆ ಬದಲಾಗೋಕೆ ಶುರುವಾದ ಕೂಡಲೇ ಬಿಡಿ, ಆಮೇಲೆ ಅದನ್ನ ನಿಲ್ಲಿಸೋಕೆ ಇನ್ನೂ ಸಣ್ಣ ಎದುರೊತ್ತಡ ಕೊಡಿ. ಈ ಮೂರನೆಯದನ್ನೇ ಹೆಚ್ಚಿನವರು ಮರೆಯೋದು. ಹಿಡಿತ ಹೆಬ್ಬೆರಳು ಮತ್ತೆರಡು ಬೆರಳಲ್ಲಿ ಸಾಕು, ಮುಂಗೈ ಬಲ ತೊಡೆಯ ಮೇಲೆ ಕೂತಿರಲಿ. ಆರ್22ರ ಸೈಕ್ಲಿಕ್ ಎರಡು ಸೀಟಿನ ನಡುವಿನ ಕಂಬದಿಂದ ಬರುವ ಅಡ್ಡಪಟ್ಟಿ, ನಡುವಲ್ಲಿ ತೂಗುತ್ತೆ. ನಿಮ್ಮ ಕಡೆ ತಗ್ಗಿಸಿಕೊಂಡರೆ ತರಬೇತುದಾರರ ಕಡೆ ಮೇಲಕ್ಕೇಳುತ್ತೆ. ಅವರಿಗೆ ಅದರ ಅಭ್ಯಾಸ ಇರುತ್ತೆ, ಸಂಕೋಚಪಡದೆ ತಗ್ಗಿಸಿಕೊಳ್ಳಿ. ಕೈ ಗಾಳಿಯಲ್ಲಿ ತೇಲ್ತಿದ್ರೆ ಒಡಲಿನ ಪ್ರತಿ ಅಲುಗಾಟವೂ ಕೈಯ ಮೂಲಕ ಸೈಕ್ಲಿಕ್‌ಗೆ ವಾಪಸ್ ಹೋಗುತ್ತೆ.

ಕಣ್ಣು ಕನಿಷ್ಠ 50 ಅಡಿ ಆಚೆ ಇರಲಿ, 100 ಆದ್ರೆ ಇನ್ನೂ ಒಳ್ಳೇದು. ಸ್ಕಿಡ್ ಪಕ್ಕದ ಹುಲ್ಲು ನೋಡಿದರೆ ಒಂದಡಿ ಜಾರಿದ್ದೂ ದೊಡ್ಡ ಅಪಾಯದ ಹಾಗೆ ಕಾಣುತ್ತೆ, ಕೈ ತಾನಾಗೇ ಹೆಚ್ಚು ತಿದ್ದುತ್ತೆ. ತಿಳಿಯದೇ ಉಸಿರು ಕಟ್ಟಿ ಹಿಡಿಯೋರೂ ಬಹಳ; ಜೋರಾಗಿ ಮಾತಾಡ್ತಾ ಹಾರಿಸಿದರೆ ಭುಜ ಸಡಿಲವಾಗುತ್ತೆ.

ಕ್ರಮದ ಬಗ್ಗೆ. ಹಾರಾಟದ ಮೊದಲ ಗಂಟೆಯೇ ಹೋವರ್ ಕೊಡೋದು ನನಗೆ ಸರಿ ಕಾಣಲ್ಲ. ಮೊದಲು ಎತ್ತರದಲ್ಲಿ 60–70 ನಾಟ್ ವೇಗದಲ್ಲಿ ನೇರ ಹಾರಾಟ, ಏರು, ಇಳಿತ, ತಿರುವು. ಆ ವೇಗದಲ್ಲಿ ಬಾಲದ ರೆಕ್ಕೆಗಳಿಗೆ ಗಾಳಿ ಸಿಕ್ಕಿ ಹೆಲಿಕಾಪ್ಟರ್ ಸಾಕಷ್ಟು ನೆಟ್ಟಗಿರುತ್ತೆ, ಸೈಕ್ಲಿಕ್‌ನ ಸೂಕ್ಷ್ಮ ಕೈಗೆ ಹತ್ತುತ್ತೆ. ಆಮೇಲೆ ಹೋವರ್‌ಗೆ ಬಂದಾಗ ಒಂದೊಂದೇ ನಿಯಂತ್ರಣ: ಮೊದಲು ಪೆಡಲ್ ಮಾತ್ರ ನಿಮ್ಮದು, ಉಳಿದೆರಡು ತರಬೇತುದಾರರದು. ಮೂತಿ ದೂರದ ಒಂದು ಗುರುತಿನ ಮೇಲೆ ನಿಂತ ಮೇಲೆ ಕಲೆಕ್ಟಿವ್, ಕೊನೆಗೆ ಸೈಕ್ಲಿಕ್. ಜೋಡಿಯಾಗಿ ಕೊಡೋವಾಗ ಒಂದು ಸಂಬಂಧ ನೆನಪಿರಲಿ. ಆರ್22ರಲ್ಲಿ ಕಲೆಕ್ಟಿವ್ ಏರಿಸಿದ್ರೆ ಮೂತಿ ಬಲಕ್ಕೆ ತಿರುಗುತ್ತೆ, ಎಡ ಪೆಡಲ್ ಬೇಕು. ಇಳಿಸಿದ್ರೆ ಬಲ ಪೆಡಲ್. ಪೆಡಲ್ ಬದಲಾದಾಗ ಬಾಲದ ತಳ್ಳುವಿಕೆ ಬದಲಾಗುತ್ತೆ, ಆಗ ಸೈಕ್ಲಿಕ್ ಕೂಡ ಕೂದಲೆಳೆಯಷ್ಟು ಬೇಕಾಗುತ್ತೆ. ಹೀಗೆ ಒಂದನ್ನ ಮುಟ್ಟಿದ್ರೆ ಮೂರೂ ಬದಲಾಗುತ್ವೆ.

ಶುರುವಿನಲ್ಲಿ ಒಂದು ಬಿಂದುವಿನ ಮೇಲೆ ನಿಲ್ಲಿಸೋ ಹಠ ಬೇಡ. ದೊಡ್ಡ ಬಯಲಲ್ಲಿ, ಮೂತಿ ಗಾಳಿಗೆ ಎದುರಾಗಿಟ್ಟು, ಒಂದು ಅಗಲ ಚೌಕದೊಳಗೆ ಉಳಿದ್ರೆ ಸಾಕು. ದಿನದಿಂದ ದಿನಕ್ಕೆ ಚೌಕ ಚಿಕ್ಕದು ಮಾಡ್ತಾ ಹೋಗಿ. ಸತತವಾಗಿ ಹತ್ತು ನಿಮಿಷದ ಮೇಲೆ ಬೇಡ. ದಣಿದ ಕೈ ಹೊಸದೇನೂ ಕಲಿಯಲ್ಲ. ಒಂದು ಸುತ್ತು ಹಾರಿ ಬಂದು ಮತ್ತೆ ಮಾಡಿ. ಸಾಮಾನ್ಯವಾಗಿ 5ರಿಂದ 10 ಗಂಟೆಯೊಳಗೆ ಹೋವರ್ ಕೈಗೆ ಬರುತ್ತೆ, ಅದೂ ಹಂತಹಂತವಾಗಿ ಅಲ್ಲ, ಒಂದು ದಿನ ಇದ್ದಕ್ಕಿದ್ದಂತೆ.

---

ಲಂಬರೇಖೆ ಉತ್ತರ:

ಹೋವರ್ ಬಗ್ಗೆ ಮೇಲೆ ಬರೆದದ್ದನ್ನು ಒಪ್ಪುತ್ತೇನೆ. ಆದರೆ ಹೊಸಬರು ಹೋವರನ್ನೇ ಬೆಟ್ಟ ಮಾಡಿಕೊಳ್ಳುತ್ತಾರೆ. ಹೋವರ್ ತಡವಾಗಿ ಬಂದರೆ ಒಂದಷ್ಟು ಗಂಟೆ ಹೆಚ್ಚಾಗುತ್ತದೆ, ಅಷ್ಟೇ. ರೋಟರ್ ಆರ್‌ಪಿಎಂ (ನಿಮಿಷಕ್ಕೆ ಸುತ್ತುವ ಸಂಖ್ಯೆ) ಕಾಯುವುದು ಬಾರದಿದ್ದರೆ ಜೀವ ಹೋಗುತ್ತದೆ. ನಿಮ್ಮ ಎರಡನೇ ಪ್ರಶ್ನೆಯೇ ಮುಖ್ಯ ಪ್ರಶ್ನೆ.

ಆರ್22ರಲ್ಲಿ 100% ಅಂದರೆ ಮುಖ್ಯ ರೋಟರ್ ನಿಮಿಷಕ್ಕೆ 510 ಸುತ್ತು. ಬ್ಲೇಡ್‌ಗಳು ಕೊಡುವ ಎತ್ತುವ ಬಲ ವೇಗದ ವರ್ಗಕ್ಕೆ ಅನುಪಾತ. ಅದೇ ಕೋನದಲ್ಲಿ 90%ಗೆ ಇಳಿದರೆ ಉಳಿಯುವುದು 81% ಬಲ. ರೋಟರ್‌ಗೆ ಜೋಡಿಸಿಕೊಂಡಿರುವ ಎಂಜಿನ್ನಿನ ಆರ್‌ಪಿಎಂ ಕೂಡ ಅದರ ಜೊತೆ ಬೀಳುವುದರಿಂದ ಅದರ ಶಕ್ತಿಯೂ ಕಡಿಮೆಯಾಗುತ್ತದೆ. ಹೆಲಿಕಾಪ್ಟರ್ ಕುಸಿಯತೊಡಗಿದಾಗ ಕೈ ತಾನಾಗಿ ಕಲೆಕ್ಟಿವ್ ಎಳೆಯುತ್ತದೆ. ಬ್ಲೇಡ್‌ಗಳ ಕೋನ ಹೆಚ್ಚಾಗಿ ಎಳೆತ (ಗಾಳಿಯ ತಡೆ) ಹೆಚ್ಚುತ್ತದೆ, ಆರ್‌ಪಿಎಂ ಇನ್ನೂ ಬೀಳುತ್ತದೆ, ಇನ್ನೂ ಕುಸಿಯುತ್ತದೆ, ಇನ್ನೂ ಎಳೆಯುತ್ತಾರೆ. ರಾಬಿನ್ಸನ್ ಕಂಪನಿಯೇ ಕೊಡುವ ಲೆಕ್ಕ: 80%, ಅದಕ್ಕೆ ಪ್ರತಿ 1000 ಅಡಿ ಎತ್ತರಕ್ಕೆ 1% ಸೇರಿಸಿ. ಅದಕ್ಕಿಂತ ಕೆಳಗೆ ಹೋದರೆ ರೋಟರ್ ಸ್ಟಾಲ್ ಆಗುತ್ತದೆ, ಅಂದರೆ ಬ್ಲೇಡ್‌ಗಳು ಎತ್ತುವ ಬಲ ಕಳೆದುಕೊಳ್ಳುತ್ತವೆ, ಅಲ್ಲಿಂದ ವಾಪಸು ಬರುವ ದಾರಿಯಿಲ್ಲ.

ಎಚ್ಚರಿಕೆಯ ಹಾರ್ನ್ ಸುಮಾರು 97%ಗೇ ಕೂಗುತ್ತದೆ. ಕೂಗಿದ ಕ್ಷಣ ಕಲೆಕ್ಟಿವ್ ಹಿಡಿಯಲ್ಲಿರುವ ಥ್ರಾಟಲ್ ತಿರುಗಿಸಿ ಶಕ್ತಿ ಕೊಡುತ್ತಲೇ ಕಲೆಕ್ಟಿವ್ ಇಳಿಸಬೇಕು; ಮುಂದಕ್ಕೆ ಹಾರುತ್ತಿದ್ದರೆ ಸೈಕ್ಲಿಕ್ ಸ್ವಲ್ಪ ಹಿಂದಕ್ಕೆ. ನೆಲ ಹತ್ತಿರ ಇದ್ದಾಗಲೂ ಇದೇ. ನೆಲ ಹತ್ತಿರವಿದ್ದಾಗ ಕಲೆಕ್ಟಿವ್ ಇಳಿಸಲು ಮನಸ್ಸು ಒಪ್ಪುವುದಿಲ್ಲ, ಅದಕ್ಕೇ ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡಬೇಕು. ಕೂತಲ್ಲೇ ಕಣ್ಣು ಮುಚ್ಚಿ ಎಡಗೈಯಲ್ಲಿ ಮಾಡಿ ನೋಡಿ, ನೂರು ಸಲ ಮಾಡಿ.

ಆರ್‌ಪಿಎಂ ಕಾಯುವ ಸಾಧನ, ಗವರ್ನರ್, ಇದೆಯಲ್ಲ ಎಂದು ಕೇಳಬಹುದು. ಎಂಜಿನ್ ಆರ್‌ಪಿಎಂ 80%ಗಿಂತ ಮೇಲಿರುವಾಗ ಅದು ಥ್ರಾಟಲನ್ನು ತಾನೇ ತಿರುಗಿಸುತ್ತದೆ. ಆದರೆ ಅದರ ಮೋಟಾರು ನಿಮ್ಮ ಮುಷ್ಟಿಗಿಂತ ದುರ್ಬಲ. ಗಾಬರಿಯಲ್ಲಿ ಹಿಡಿಯನ್ನು ಬಿಗಿದರೆ ಗವರ್ನರ್ ಸೋಲುತ್ತದೆ. ಹೊಸಬರ ಕೈಯಲ್ಲಿ ಆರ್‌ಪಿಎಂ ಬೀಳಲು ಇದು ಸಾಮಾನ್ಯ ಕಾರಣ. ಎರಡನೆಯದಾಗಿ, ಬಿಸಿಲು ಹೆಚ್ಚಿರುವ ಎತ್ತರದ ಜಾಗದಲ್ಲಿ ತುಂಬು ತೂಕದೊಂದಿಗೆ ಹಾರುವಾಗ ಥ್ರಾಟಲ್ ಪೂರ್ತಿ ತೆರೆದುಬಿಟ್ಟಿದ್ದರೆ ಗವರ್ನರ್ ಬಳಿ ಕೊಡಲು ಏನೂ ಉಳಿದಿರುವುದಿಲ್ಲ. ಆರ್22 ಬೀಟಾದ ಗರಿಷ್ಠ ತೂಕ 1370 ಪೌಂಡ್, ಸುಮಾರು 622 ಕಿಲೋ. ಇಬ್ಬರು ದಪ್ಪಗಿನವರು ಕೂತರೆ ಇಂಧನ ಕಡಿಮೆ ತುಂಬಬೇಕಾಗುತ್ತದೆ. ಪ್ರತಿ ಹಾರಾಟಕ್ಕೂ ಲೆಕ್ಕ ಹಾಕಿ.

ಕಾರ್ಬ್ಯುರೇಟರಿನಲ್ಲಿ (ಗಾಳಿಗೆ ಇಂಧನ ಬೆರೆಸುವ ಭಾಗ) ಮಂಜುಗಡ್ಡೆ ಕಟ್ಟುವುದನ್ನು ವಿಮಾನದಿಂದ ಬಂದವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ವಿಮಾನದಲ್ಲಿ ಎಂಜಿನ್ ಉಸಿರುಗಟ್ಟುವುದು ಆರ್‌ಪಿಎಂನಲ್ಲಿ ಕಾಣುತ್ತದೆ. ಇಲ್ಲಿ ಗವರ್ನರ್ ಸದ್ದಿಲ್ಲದೆ ಥ್ರಾಟಲ್ ತೆರೆಯುತ್ತಾ ಹೋಗಿ ಅದನ್ನು ಮರೆಮಾಚುತ್ತದೆ. ಹವೆ ತೇವವಾಗಿದ್ದರೆ ಕಾರ್ಬ್ ತಾಪಮಾನದ ಮುಳ್ಳನ್ನು ಹಳದಿ ಪಟ್ಟಿಯ ಹೊರಗೆ ಇಡಿ. ಮ್ಯಾನಿಫೋಲ್ಡ್ ಒತ್ತಡ (ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ) 18 ಇಂಚಿಗಿಂತ ಕೆಳಗೆ ಹೋಗುವಾಗ ಮುಳ್ಳನ್ನು ನಂಬದೆ, ಕಾರ್ಬ್ಯುರೇಟರಿಗೆ ಬಿಸಿಗಾಳಿ ಕೊಡುವ ಕಾರ್ಬ್ ಹೀಟ್ ಪೂರ್ತಿ ಎಳೆಯಿರಿ.

ಇನ್ನು ಆಟೋರೊಟೇಷನ್. ಸಮಯ ಸಿಗುತ್ತದೆಯೇ ಎಂದರೆ, ಸಿಗುತ್ತದೆ, ಆದರೆ ಯೋಚಿಸುವಷ್ಟು ಅಲ್ಲ. ಎಂಜಿನ್ ನಿಂತ ಮೇಲೆ ಕಲೆಕ್ಟಿವ್ ಕೆಳಗಿಳಿಸಲು ಒಂದು ಸೆಕೆಂಡಿನ ಆಸುಪಾಸು ಎಂದುಕೊಂಡೇ ಅಭ್ಯಾಸ ಮಾಡಿ. ಎಂಜಿನ್ ನಿಂತಾಗ ಮೂತಿ ಎಡಕ್ಕೆ ಹೊರಳುತ್ತದೆ, ಸದ್ದು ಬದಲಾಗುತ್ತದೆ, ಹಾರ್ನ್ ಕೂಗುತ್ತದೆ. ಕಲೆಕ್ಟಿವ್ ಪೂರ್ತಿ ಕೆಳಕ್ಕೆ, ಬಲ ಪೆಡಲ್, ಸೈಕ್ಲಿಕ್ ತುಸು ಹಿಂದಕ್ಕೆ. ಕಲೆಕ್ಟಿವ್ ಇಳಿಸಿದಾಗ ಮೂತಿ ತಾನಾಗಿ ಕೆಳಗೆ ಬೀಳುತ್ತದೆ, ಅದಕ್ಕೇ ಈ ಹಿಂದಕ್ಕೆಳೆತ. ಇದನ್ನು ಮರೆತರೆ ವೇಗ 80–90 ನಾಟ್‌ಗೆ ಓಡುತ್ತದೆ.

ಈಗ ಗಾಳಿ ಕೆಳಗಿನಿಂದ ಮೇಲಕ್ಕೆ ಹರಿದು ರೋಟರನ್ನು ತಿರುಗಿಸುತ್ತಿದೆ. ಬ್ಲೇಡಿನ ನಡುಭಾಗ, ಅಂದರೆ ಬುಡದಿಂದ ಸುಮಾರು 25%ರಿಂದ 70%ವರೆಗಿನ ಪಟ್ಟಿ, ತಿರುಗಿಸುವ ಕೆಲಸ ಮಾಡುತ್ತದೆ. ಹೊರ ತುದಿ ಎಳೆತ ಕೊಡುತ್ತದೆ. ವೇಗ 65 ನಾಟ್, ರೋಟರ್ 90%ರಿಂದ 110%ರೊಳಗೆ. ಮೇಲಕ್ಕೆ ಹೋದರೆ ಕಲೆಕ್ಟಿವ್ ಒಂದು ಬೆರಳಷ್ಟು ಎತ್ತಿ, ಕೆಳಗೆ ಬಂದರೆ ಇಳಿಸಿ. ತಿರುವಿನಲ್ಲಿ ಭಾರ ಹೆಚ್ಚಿ ಆರ್‌ಪಿಎಂ ಏರುತ್ತದೆ ಎಂಬುದನ್ನು ಮೊದಲೇ ನಿರೀಕ್ಷಿಸಿ. ಸುಮಾರು 40 ಅಡಿಗೆ ಸೈಕ್ಲಿಕ್ ಹಿಂದಕ್ಕೆಳೆದು ಮೂತಿ ಎತ್ತಿ; ಇದೇ ಫ್ಲೇರ್. ಅದು ಮುಂದಿನ ವೇಗವನ್ನೂ ಇಳಿತದ ವೇಗವನ್ನೂ ಕಡಿಮೆ ಮಾಡಿ ರೋಟರ್‌ಗೆ ಒಂದಷ್ಟು ಶಕ್ತಿ ತುಂಬುತ್ತದೆ. ಸುಮಾರು 8 ಅಡಿಗೆ ಸೈಕ್ಲಿಕ್ ಮುಂದಕ್ಕೆ ಒತ್ತಿ ಒಡಲನ್ನು ಮಟ್ಟ ಮಾಡಿ, ನೆಲ ಮುಟ್ಟುವ ಮುಂಚೆ ಕಲೆಕ್ಟಿವ್ ಎತ್ತಿ. ಆ ಎತ್ತುವಿಕೆ ಒಂದೇ ಸಲ ಸಿಗುವುದು. ಬೇಗ ಎತ್ತಿದರೆ ಆರ್‌ಪಿಎಂ ಮುಗಿದು ಉಳಿದ ಎತ್ತರದಿಂದ ಬೀಳುತ್ತೀರಿ. ಮಟ್ಟ ಮಾಡುವುದು ತಡವಾದರೆ ಬಾಲ ನೆಲಕ್ಕೆ ಬಡಿಯುತ್ತದೆ. ಸ್ಕಿಡ್‌ಗಳು ಸಾಗುವ ದಿಕ್ಕಿಗೆ ನೇರವಾಗಿರಬೇಕು, ಅಡ್ಡ ಜಾರಿಕೆ ಇರಬಾರದು.

ಎಂಜಿನ್ ಇಲ್ಲದೆ ಆರ್22 ಜಾರುವ ದೂರ ಹೆಚ್ಚಿಲ್ಲ. ಅತಿ ಹೆಚ್ಚು ದೂರಕ್ಕೆ 75 ನಾಟ್ ವೇಗ ಮತ್ತು 90% ರೋಟರ್. ಆಗಲೂ 1500 ಅಡಿ ಎತ್ತರಕ್ಕೆ ಸುಮಾರು ಒಂದು ನಾಟಿಕಲ್ ಮೈಲಿ. ಹಾಗಾಗಿ ಇಳಿಯುವ ಬಯಲು ಕಾಲ ಬುಡದ ಹತ್ತಿರವೇ ಇರಬೇಕು, ಹಾರುವಾಗ ಕಣ್ಣು ಸದಾ ಅದನ್ನು ಹುಡುಕುತ್ತಿರಬೇಕು. ಕೈಪಿಡಿಯಲ್ಲಿರುವ ಎತ್ತರ-ವೇಗದ ನಕ್ಷೆಯನ್ನೂ ಚೆನ್ನಾಗಿ ನೋಡಿ. ಗೆರೆ ಹಾಕಿದ ಭಾಗದಲ್ಲಿ, ಅಂದರೆ ಎತ್ತರ ಇದ್ದೂ ವೇಗ ಇಲ್ಲದ ಜಾಗದಲ್ಲಿ, ಎಂಜಿನ್ ನಿಂತರೆ ಎಷ್ಟು ಚುರುಕಾದ ಕೈಯೂ ಸಾಲದು. ಹೊರಡುವಾಗ ನೇರ ಮೇಲಕ್ಕೆ ಏರದೆ ನೆಲದ ಹತ್ತಿರವೇ ವೇಗ ಕೂಡಿಸಿಕೊಂಡು ಆಮೇಲೆ ಏರುವುದು ಇದೇ ಕಾರಣಕ್ಕೆ.

---

ಎಡಸುತ್ತು ಉತ್ತರ:

ಒಂದು ಸೇರ್ಪಡೆ. ಮೇಲೆ ಹೇಳಿದ ಎಡ-ಬಲ ಪೆಡಲ್ ಲೆಕ್ಕ ಮೇಲಿನಿಂದ ನೋಡಿದಾಗ ಅಪ್ರದಕ್ಷಿಣವಾಗಿ ಸುತ್ತುವ ರೋಟರ್‌ಗೆ, ಅಂದರೆ ರಾಬಿನ್ಸನ್, ಬೆಲ್, ಶ್ವೈಟ್ಸರ್ ಹೆಲಿಕಾಪ್ಟರ್‌ಗಳಿಗೆ. ತರಬೇತಿಯಲ್ಲಿ ಬಳಸುವ ಗ್ಯಾಂಬಾಲ್ ಕಾಬ್ರಿ ಜಿ2, ಏರ್‌ಬಸ್ ಎಚ್125 ಇವುಗಳ ರೋಟರ್ ಪ್ರದಕ್ಷಿಣವಾಗಿ ಸುತ್ತುತ್ತೆ. ಅಲ್ಲಿ ಕಲೆಕ್ಟಿವ್ ಏರಿಸಿದರೆ ಬಲ ಪೆಡಲ್. ಯಾವುದರಲ್ಲಿ ಕಲೀತೀರೋ ಮೊದಲ ಹಂತದಲ್ಲಿ ಅದರಲ್ಲೇ ಉಳಿಯಿರಿ, ನಡುವೆ ಬದಲಾಯಿಸಬೇಡಿ. ಪೆಡಲನ್ನ ಎಡ-ಬಲ ಅಂತ ಲೆಕ್ಕ ಹಾಕದೆ, ಮೂತಿ ಹೋಗ್ತಿರೋ ದಿಕ್ಕಿಗೆ ಎದುರು ಕಾಲು ಅಂತ ಕಲಿತರೆ ಮುಂದೆ ಬೇರೆ ಹೆಲಿಕಾಪ್ಟರ್ ಹತ್ತಿದಾಗ ಕಷ್ಟ ಕಮ್ಮಿ.

---

ಹೊಸರೆಕ್ಕೆ ಉತ್ತರ:

ಬಹಳ ಉಪಕಾರ. ಹಾರ್ನ್ ಕೂಗಿದಾಗ ಸೈಕ್ಲಿಕ್ ಹಿಂದಕ್ಕೆ ಅಂದಿದ್ದೀರಿ. ವಿಮಾನದಲ್ಲಿ ಸ್ಟಾಲ್ ಹಾರ್ನ್ ಕೂಗಿದ್ರೆ ಮೂತಿ ಕೆಳಗೆ ಒತ್ತೋದು ರಕ್ತಕ್ಕೆ ಇಳಿದುಬಿಟ್ಟಿದೆ. ವಿಮಾನದ ಇಂಥ ಯಾವ ಅಭ್ಯಾಸಗಳನ್ನ ಬಿಡಬೇಕು?

---

ಲಂಬರೇಖೆ ಉತ್ತರ:

ಆ ಒತ್ತುವ ಅಭ್ಯಾಸವನ್ನೇ ಮೊದಲು ಬಿಡಿ, ಅದು ಇಲ್ಲಿ ಎರಡು ರೀತಿಯಲ್ಲಿ ಕೊಲ್ಲುತ್ತದೆ. ಆರ್‌ಪಿಎಂ ಬಿದ್ದಾಗ ಸೈಕ್ಲಿಕ್ ಮುಂದಕ್ಕೆ ಒತ್ತಿದರೆ ರೋಟರ್‌ಗೆ ಸಿಗಬೇಕಿದ್ದ ಗಾಳಿಯ ಶಕ್ತಿ ಸಿಗುವುದಿಲ್ಲ. ಎರಡನೆಯದು ಇನ್ನೂ ಗಂಭೀರ, ಲೋ-ಜಿ ಸ್ಥಿತಿ, ಅಂದರೆ ರೋಟರ್ ಮೇಲಿನ ಭಾರ ಇಲ್ಲದಂತಾಗುವುದು.

ಆರ್22, ಆರ್44, ಬೆಲ್ 206 ಇವುಗಳ ಎರಡು ಬ್ಲೇಡಿನ ರೋಟರ್ ತೂಗುವ ಬಗೆಯದು. ಒಡಲು ರೋಟರಿನ ಕೆಳಗೆ ನೇತಾಡುತ್ತಿರುತ್ತದೆ, ಸೈಕ್ಲಿಕ್‌ನ ಹಿಡಿತ ರೋಟರಿನ ಎತ್ತುವ ಬಲದ ಮೂಲಕವೇ ಒಡಲನ್ನು ತಲುಪುತ್ತದೆ. ಏರಿಕೆಯಿಂದ ಸೈಕ್ಲಿಕ್ ಜೋರಾಗಿ ಮುಂದಕ್ಕೆ ಒತ್ತಿದಾಗ ಮೈ ಹಗುರವಾಗಿ ಸೀಟಿನಿಂದ ಎದ್ದ ಹಾಗಾಗುತ್ತದೆ. ಆ ಕ್ಷಣ ರೋಟರ್ ಮೇಲೆ ಭಾರವಿಲ್ಲ, ಒಡಲ ಮೇಲೆ ನಿಮಗೆ ಹಿಡಿತವಿಲ್ಲ. ಬಾಲದ ರೋಟರ್ ಮಾತ್ರ ಬಲಕ್ಕೆ ತಳ್ಳುತ್ತಲೇ ಇರುವುದರಿಂದ ಒಡಲು ಬಲಕ್ಕೆ ಉರುಳುತ್ತದೆ. ಅದನ್ನು ತಡೆಯಲು ಸೈಕ್ಲಿಕ್ ಎಡಕ್ಕೆ ಹಾಕಿದರೆ ರೋಟರ್ ಎಡಕ್ಕೆ ವಾಲುತ್ತದೆ, ಒಡಲು ಬಲಕ್ಕೇ ಉರುಳುತ್ತಿರುತ್ತದೆ. ರೋಟರಿನ ಬುಡ ಮಾಸ್ಟ್‌ಗೆ (ರೋಟರನ್ನು ಹೊತ್ತ ಕಂಬ) ಬಡಿದು ಆ ಕಂಬ ಮುರಿಯಬಹುದು, ಬ್ಲೇಡ್ ಕ್ಯಾಬಿನ್‌ಗೆ ಹೊಡೆಯಬಹುದು. ಸರಿಯಾದ ಕ್ರಮ: ಮೊದಲು ಸೈಕ್ಲಿಕ್ ಮೃದುವಾಗಿ ಹಿಂದಕ್ಕೆ, ರೋಟರ್‌ಗೆ ಭಾರ ಮರಳಿದ ಮೇಲೆ ಮಾತ್ರ ಪಕ್ಕಕ್ಕೆ ತಿದ್ದುವುದು. ಇದನ್ನು ಗಾಳಿಯಲ್ಲಿ ಅಭ್ಯಾಸ ಮಾಡಬಾರದು, ನೆಲದ ಮೇಲೆ ಕೂತು ಅರ್ಥ ಮಾಡಿಕೊಳ್ಳಬೇಕು. ಗಾಳಿ ಕುಲುಕುತ್ತಿದ್ದರೆ ವೇಗ ಇಳಿಸಿ, ಕೈ ಸಡಿಲಿಸಿ, ಪ್ರತಿ ಕುಲುಕಿಗೂ ತಿದ್ದಲು ಹೋಗಬೇಡಿ. ಅಮೆರಿಕದ ವಿಮಾನಯಾನ ಆಡಳಿತ 1995ರಲ್ಲಿ ಆರ್22, ಆರ್44ಗಳಿಗೆಂದೇ ವಿಶೇಷ ನಿಯಮ ತಂದು ಈ ಪಾಠವನ್ನು ಕಡ್ಡಾಯ ಮಾಡಿತು. ಬೇರೆ ಕಡೆ ಕಲಿಯುವವರೂ ಅದೇ ಪಟ್ಟಿಯನ್ನು ತರಬೇತುದಾರರ ಮುಂದಿಟ್ಟು ಕೇಳಿ ಕಲಿಯುವುದು ಒಳ್ಳೆಯದು.

ಇನ್ನೊಂದು ಎಡಗೈಯದು. ವಿಮಾನದಲ್ಲಿ ಶಕ್ತಿ ಬೇಕೆಂದರೆ ಥ್ರಾಟಲ್ ಮುಂದಕ್ಕೆ ತಳ್ಳುತ್ತೀರಿ, ಇಲ್ಲಿ ಮೇಲಕ್ಕೆ ಎಳೆಯುತ್ತೀರಿ. ಶಾಂತವಾಗಿರುವಾಗ ಗೊಂದಲವಾಗುವುದಿಲ್ಲ, ಗಾಬರಿಯಾದಾಗ ಆಗುತ್ತದೆ. ಕಾಲುಗಳ ವಿಷಯ ನಿಮಗೇ ಬೇಗ ತಿಳಿಯುತ್ತದೆ. ಸೆಸ್ನಾದಲ್ಲಿ ನೇರ ಹಾರುವಾಗ ಪೆಡಲ್ ಮರೆತರೂ ನಡೆಯುತ್ತದೆ, ಇಲ್ಲಿ ಪ್ರತಿ ಶಕ್ತಿ ಬದಲಾವಣೆಗೂ ಕಾಲು ಕೆಲಸ ಮಾಡಲೇಬೇಕು.

---

ಇಳಿದಾರಿ ಉತ್ತರ:

ವಿಮಾನದಿಂದ ಬಂದವರು ಇಳಿಯೋಕೆ ಬರೋವಾಗ ವೇಗ ಹೆಚ್ಚಿಟ್ಟು ಬಂದು ಕೊನೇಲಿ ಮೂತಿ ಎತ್ತಿ ನಿಲ್ಲಿಸೋಕೆ ನೋಡ್ತಾರೆ. ಸಾಮಾನ್ಯ ಇಳಿದಾರಿಯ ಕೋನ 7ರಿಂದ 12 ಡಿಗ್ರಿ, ವೇಗ ನೆಲ ನೋಡಿದಾಗ ಚುರುಕಾಗಿ ನಡೆಯೋ ಹೆಜ್ಜೆಯಷ್ಟೇ ಕಾಣಬೇಕು, ಕೊನೆವರೆಗೂ ಹಾಗೇ ಕಾಣಬೇಕು. 16–24 ನಾಟ್‌ಗಿಂತ ಕೆಳಗೆ ಬಂದಾಗ ರೋಟರ್ ತನ್ನದೇ ಕಲಕಿದ ಗಾಳಿಗೆ ಸಿಕ್ಕಿ ದಕ್ಷತೆ ಕಳ್ಕೊಳ್ಳುತ್ತೆ. ಅಲ್ಲಿ ಶಕ್ತಿ ಬೇಕು, ಜೊತೆಗೆ ಎಡ ಪೆಡಲ್. ಇದನ್ನ ಮೊದಲೇ ನಿರೀಕ್ಷಿಸಿ ಕಲೆಕ್ಟಿವನ್ನ ನಿಧಾನಕ್ಕೆ ಸೇರಿಸ್ತಾ ಬಂದ್ರೆ ಗೊತ್ತೇ ಆಗಲ್ಲ. ಕಾದು ಒಮ್ಮೆಲೇ ಎಳೆದರೆ ಆರ್‌ಪಿಎಂ ಬೀಳುತ್ತೆ, ಮೂತಿ ತಿರುಗುತ್ತೆ. ಹೊರಡುವಾಗ ಅದೇ ವೇಗ ದಾಟುವಾಗ ಉಲ್ಟಾ: ಒಂದು ಸಣ್ಣ ನಡುಕ, ಮೂತಿ ಮೇಲೇಳುತ್ತೆ, ಸೈಕ್ಲಿಕ್ ಮುಂದಕ್ಕೆ ಹಿಡಿದಿಡಬೇಕು.

ವೇಗ 30 ನಾಟ್‌ಗಿಂತ ಕಮ್ಮಿಯಾದ ಮೇಲೆ ಇಳಿತ ನಿಮಿಷಕ್ಕೆ 300 ಅಡಿ ದಾಟಬಾರದು. ದಾಟಿದ್ರೆ ರೋಟರ್ ತಾನೇ ಕೆಳಗೆ ತಳ್ಳಿದ ಗಾಳಿಯೊಳಗೆ ಕುಸಿಯುತ್ತೆ. ಇದಕ್ಕೆ ವರ್ಟೆಕ್ಸ್ ರಿಂಗ್ ಅಂತಾರೆ. ಕಲೆಕ್ಟಿವ್ ಎಳೆದಷ್ಟೂ ಜೋರಾಗಿ ಕುಸಿಯೋದೇ ಇದರ ಗುರುತು. ಹಳೆಯ ಪಾಠ: ಸೈಕ್ಲಿಕ್ ಮುಂದಕ್ಕೆ, ಕಲೆಕ್ಟಿವ್ ಇಳಿಸಿ, ವೇಗ ಕೂಡಿಸಿ ಹೊರಗೆ ಬನ್ನಿ. ಎತ್ತರ ಬಹಳ ಹೋಗುತ್ತೆ. ಸ್ವಿಸ್ ಪೈಲಟ್ ಕ್ಲೋಡ್ ವುಯ್ಷಾರ್ ಅವರ ಹೆಸರಿನ ವಿಧಾನದಲ್ಲಿ ಕಲೆಕ್ಟಿವನ್ನ ಟೇಕಾಫ್ ಶಕ್ತಿಗೆ ಏರಿಸಿ, ಎಡ ಪೆಡಲಿಂದ ಮೂತಿ ನೇರ ಹಿಡಿದು, ಸೈಕ್ಲಿಕ್ ಬಲಕ್ಕೆ ಹಾಕಿ 10–20 ಡಿಗ್ರಿ ವಾಲಿಸ್ತಾರೆ. ಬಾಲದ ರೋಟರಿನ ತಳ್ಳುವಿಕೆಯೂ ಅದೇ ದಿಕ್ಕಿಗೆ ಸೇರಿ ಪಕ್ಕಕ್ಕೆ ಹೊರಬರುತ್ತೆ. ಸರಿಯಾಗಿ ಮಾಡಿದ್ರೆ 20ರಿಂದ 50 ಅಡಿ ಮಾತ್ರ ಹೋಗುತ್ತೆ. ಎರಡನ್ನೂ 1000 ಅಡಿಗಿಂತ ಮೇಲೆ ತರಬೇತುದಾರರ ಜೊತೆ ಮಾಡಿ ನೋಡಿ. ಬೆನ್ನ ಗಾಳಿಯಲ್ಲಿ ಕಡಿದಾಗಿ ಇಳಿಯೋಕೆ ಬರೋದೇ ಇದಕ್ಕೆ ಸಿಕ್ಕಿಬೀಳುವ ಸಾಮಾನ್ಯ ದಾರಿ. ಹಾಗಾಗಿ ಗಾಳಿಯ ದಿಕ್ಕು ತೋರಿಸೋ ಗಾಳಿಚೀಲ ನೋಡದೆ ಇಳಿದಾರಿಗೆ ತಿರುಗಬೇಡಿ.

---

ತೆರೆಹಾರಾಟ ಉತ್ತರ:

ಸಿಮ್ಯುಲೇಟರ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ಉಪಯೋಗ ಇದೆ, ಹೋವರ್‌ಗಲ್ಲ. ನಿಜವಾದ ಹೋವರ್‌ನಲ್ಲಿ ಸರಿದಾಟ ಮೊದಲು ತಿಳಿಯೋದು ಕಣ್ಣಂಚಿನ ನೋಟಕ್ಕೆ ಮತ್ತು ಸೊಂಟಕ್ಕೆ. ತೆರೆಯಲ್ಲಿ ಇವೆರಡೂ ಇಲ್ಲ, ಹಾಗಾಗಿ ಅಲ್ಲಿ ನಿಜಕ್ಕಿಂತ ಕಷ್ಟ. ಅದು ಬರಲಿಲ್ಲ ಅಂತ ಧೈರ್ಯ ಕಳ್ಕೋಬೇಡಿ. ಚೆಕ್‌ಲಿಸ್ಟ್ ಓಡಿಸೋದು, ಸರ್ಕ್ಯೂಟಿನ (ನಿಲ್ದಾಣದ ಸುತ್ತಿನ ಹಾರಾಟ) ಎತ್ತರ-ವೇಗ, ಇಳಿದಾರಿಯ ಕೋನದ ನೋಟ, ರೇಡಿಯೋ ಮಾತು, ಆಟೋರೊಟೇಷನ್‌ಗೆ ಕೈ ಹೋಗೋ ಅನುಕ್ರಮ, ಇಷ್ಟಕ್ಕೆ ಚೆನ್ನಾಗಿದೆ. ಎಕ್ಸ್-ಪ್ಲೇನ್ ಸಿಮ್ಯುಲೇಟರ್‌ನಲ್ಲಿ ಹೆಲಿಕಾಪ್ಟರ್ ಬಹಳ ವರ್ಷಗಳಿಂದ ಇದೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ಗೆ 2022ರ ನವೆಂಬರಿನಲ್ಲಿ ಕಾಬ್ರಿ ಜಿ2 ಮತ್ತು ಬೆಲ್ 407 ಬಂದವು. ಕಾಬ್ರಿ ಹಾರಿಸಿದ್ರೆ ಪೆಡಲ್ ಉಲ್ಟಾ ಅನ್ನೋದು ಮೇಲೆ ಹೇಳಿದ್ದಾರೆ, ಆರ್22 ಕಲಿಯೋರು ಅದನ್ನ ಬಿಟ್ಟು ಬೆಲ್ ಆರಿಸಿ.

ಸಲಕರಣೆಯಲ್ಲಿ ಮೊದಲು ಪೆಡಲ್ ಕೊಳ್ಳಿ. ಜಾಯ್‌ಸ್ಟಿಕ್ ತಿರುಚಿ ಮೂತಿ ತಿರುಗಿಸೋ ಅಭ್ಯಾಸ ನಿಜವಾಗ್ಲೂ ಹಾಳು ಮಾಡುತ್ತೆ. ವಿಮಾನದ ಥ್ರಾಟಲ್ ಸನ್ನೆಯನ್ನ ಕಲೆಕ್ಟಿವ್ ಆಗಿ ಬಳಸೋದಾದ್ರೆ ಸೆಟ್ಟಿಂಗ್‌ನಲ್ಲಿ ಅಕ್ಷ ತಿರುಗಿಸಿ, ನಿಮ್ಮ ಕಡೆ ಎಳೆದಾಗ ಶಕ್ತಿ ಹೆಚ್ಚಾಗಬೇಕು. ಜಾಯ್‌ಸ್ಟಿಕ್ಕಿನ ಸ್ಪ್ರಿಂಗ್ ನಡುವಿಗೆ ಎಳೀತಿದ್ರೆ ಸಣ್ಣ ಒತ್ತಡ ಕಲಿಯೋಕಾಗಲ್ಲ, ಸ್ಪ್ರಿಂಗ್ ಸಡಿಲಿಸಿ, ಸತ್ತ ವಲಯ (ಸರಿಸಿದ್ರೂ ಏನೂ ಆಗದ ನಡುಜಾಗ) ಸೊನ್ನೆ ಮಾಡಿ. ಸಹಾಯಕ ಆಯ್ಕೆಗಳನ್ನೆಲ್ಲ ಆಫ್ ಮಾಡಿ.

---

ಸ್ವಾಷ್‌ಪ್ಲೇಟ್ ಉತ್ತರ:

ಗಂಟೆಗಳ ಲೆಕ್ಕವನ್ನೂ ಸೇರಿಸ್ತೀನಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ ಖಾಸಗಿ ಹೆಲಿಕಾಪ್ಟರ್ ಪರವಾನಗಿಗೆ ಕನಿಷ್ಠ 40 ಗಂಟೆ, ಅದರಲ್ಲಿ 10 ಗಂಟೆ ಒಬ್ಬರೇ, ವಯಸ್ಸು 17. ವಾಣಿಜ್ಯ ಪರವಾನಗಿಗೆ 150 ಗಂಟೆ, ವಯಸ್ಸು 18. ಅನುಮೋದಿತ ಕೋರ್ಸ್‌ಗಳಲ್ಲಿ ಗಂಟೆಗಳು ಇದಕ್ಕಿಂತ ಕಮ್ಮಿ ಇರಬಹುದು, ದೇಶದ ನಿಯಮ ಇದಕ್ಕಿಂತ ಬಿಗಿ ಇರಬಹುದು. 40 ಅನ್ನೋದು ಕನಿಷ್ಠ, ಹೆಚ್ಚಿನವರಿಗೆ ಅದಕ್ಕಿಂತ ಜಾಸ್ತಿ ಬೇಕಾಗುತ್ತೆ. ವಾರಕ್ಕೆ ಎರಡು-ಮೂರು ಸಲ, ಒಂದೊಂದು ಗಂಟೆ ಹಾರಿದ್ರೆ ಒಟ್ಟು ಗಂಟೆ ಉಳಿಯುತ್ತೆ. ತಿಂಗಳಿಗೊಮ್ಮೆ ಹಾರಿದ್ರೆ ಹೋದ ಪಾಠವನ್ನೇ ಮತ್ತೆ ಕಲೀಬೇಕು. ವೈದ್ಯಕೀಯ ಪರೀಕ್ಷೆಯನ್ನ ಹಣ ಕಟ್ಟೋ ಮುಂಚೆಯೇ ಮಾಡಿಸಿ. ವಾಣಿಜ್ಯದ ಗುರಿ ಇದ್ರೆ ಮೊದಲೇ ಒಂದನೇ ದರ್ಜೆಯದು.

ಮೊದಲ ಏಕಾಂಗಿ ಹಾರಾಟದ ಬಗ್ಗೆ ಒಂದು ವಿಷಯ. ತರಬೇತುದಾರರು ಎಡ ಸೀಟಿಂದ ಇಳಿದ ಮೇಲೆ ಹೆಲಿಕಾಪ್ಟರ್ ಬೇರೆಯದೇ ಆಗುತ್ತೆ. ತೂಕ ಕಮ್ಮಿ, ಆದ್ದರಿಂದ ಕಲೆಕ್ಟಿವ್ ನೀವು ನಿರೀಕ್ಷಿಸೋದಕ್ಕಿಂತ ಕೆಳಗಿರುವಾಗಲೇ ಏಳುತ್ತೆ. ಆರ್22ರಲ್ಲಿ ಸೀಟುಗಳು ಮಾಸ್ಟ್‌ಗಿಂತ ಮುಂದಿವೆ, ಒಬ್ಬರು ಇಳಿದರೆ ತೂಕದ ಕೇಂದ್ರ ಹಿಂದಕ್ಕೂ ಬಲಕ್ಕೂ ಹೋಗುತ್ತೆ. ಹೋವರ್‌ನಲ್ಲಿ ಮೂತಿ ಎತ್ತರ ಕಾಣುತ್ತೆ, ಎಡ ಸ್ಕಿಡ್ ತಗ್ಗೋದೂ ಕಮ್ಮಿ. ಸೈಕ್ಲಿಕ್ ಮುಂದಕ್ಕೂ ತುಸು ಎಡಕ್ಕೂ ಬೇಕು. ಸೈಕ್ಲಿಕ್ ಹಳೆಯ ಜಾಗದಲ್ಲೇ ಇಟ್ಟು ಕಲೆಕ್ಟಿವ್ ಎಳೆದ್ರೆ ಹಿಂದಕ್ಕೆ, ಬಲಕ್ಕೆ ಜಾರ್ತಾ ಏಳುತ್ತೆ.

ಹಾಗೆ ಜಾರ್ತಾ ಏಳೋವಾಗ ಒಂದು ಸ್ಕಿಡ್ ಹುಲ್ಲಿಗೋ ಮೆತ್ತನೆ ಮಣ್ಣಿಗೋ ಸಿಕ್ಕಿಕೊಂಡರೆ ಅದೇ ತಿರುಗಣೆಯಾಗಿ ಹೆಲಿಕಾಪ್ಟರ್ ಮಗುಚುತ್ತೆ. ಸ್ಕಿಡ್ ನೆಲದಲ್ಲಿರುವಾಗ ಸುಮಾರು 5–8 ಡಿಗ್ರಿ ವಾಲಿ ಉರುಳೋಕೆ ಶುರುವಾದ್ರೆ ಸೈಕ್ಲಿಕ್‌ನಿಂದ ತಡೆಯೋಕಾಗಲ್ಲ. ಕಲೆಕ್ಟಿವ್ ಎಳೆದು ತಪ್ಪಿಸಿಕೊಳ್ಳೋಕೆ ಹೋದ್ರೆ ಇನ್ನೂ ಬೇಗ ಮಗುಚುತ್ತೆ. ಒಂದೇ ಉಪಾಯ ಕಲೆಕ್ಟಿವ್ ಇಳಿಸೋದು, ಮೃದುವಾಗಿ ಆದ್ರೆ ತಡಮಾಡದೆ. ಅದಕ್ಕೇ ಏಳೋ ಮುಂಚೆ ಕಲೆಕ್ಟಿವನ್ನ ಸ್ಕಿಡ್‌ಗಳು ಹಗುರವಾಗೋವರೆಗೆ ಮಾತ್ರ ಎತ್ತಿ ಅಲ್ಲೇ ನಿಲ್ಲಿ. ಮೂತಿ ತಿರುಗ್ತಿದ್ಯಾ, ಯಾವ ಕಡೆಗಾದ್ರೂ ಎಳೀತಿದ್ಯಾ ಅಂತ ನೋಡಿ ಪೆಡಲ್, ಸೈಕ್ಲಿಕ್ ಹೊಂದಿಸಿ, ಆಮೇಲೆ ನೇರ ಮೇಲಕ್ಕೆ. ಇಳಿಯೋವಾಗಲೂ ಅಷ್ಟೇ: ಪಕ್ಕಕ್ಕೆ ಸರೀತಿದ್ರೆ ಕೂರಿಸಬೇಡಿ, ಮತ್ತೆ ಮೂರಡಿ ಏರಿ, ಸ್ಥಿರ ಮಾಡಿಕೊಂಡು ಮತ್ತೆ ಇಳಿಸಿ. ಎರಡೂ ಸ್ಕಿಡ್ ಕೂತ ಮೇಲೂ ಕಲೆಕ್ಟಿವ್ ಪೂರ್ತಿ ಕೆಳಗೆ ಹೋಗೋವರೆಗೆ ಸೈಕ್ಲಿಕ್ ಮತ್ತು ಪೆಡಲ್‌ನಿಂದ ಗಮನ ತೆಗೀಬೇಡಿ.